ಬೆಂಕಿ ಕಾವಲಿಗೆ ಸೇರಿದ ವರ್ಷ

ಫ್ಯಾಕ್ಟರಿಗೆ ರಜೆ ಇದ್ದ ಒಂದು ಮಧ್ಯಾಹ್ನ ಯಲಹಂಕದಿಂದ ಹುಣಸಮಾರನಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಗೆಳತಿಯ ಮನೆಗೆ ಊಟಕ್ಕೆ ಹೊರಟಿದ್ದೆ. ದಾರಿಯಲ್ಲಿ ನೀಲಗಿರಿ ತೋಪಿನ ತರಗೆಲೆಗೆ ಬೆಂಕಿ ಬಿದ್ದು, ಹೊಗೆ ರಸ್ತೆಗೇ ನುಗ್ಗಿ ಬಸ್ಸು ನಿಂತುಬಿಟ್ಟಿತು. ಇಳಿದವರೆಲ್ಲ ಮೊಬೈಲ್ ಎತ್ತಿ ಹಿಡಿದರು. ತೋಪಿನೊಳಗೆ ನಾಲ್ಕೈದು ಗಂಡಸರ ಜೊತೆ ಒಬ್ಬ ಹೆಂಗಸು ಹಸಿ ಸೊಪ್ಪಿನ ಕೊಂಬೆಯಿಂದ ಬೆಂಕಿ ಬಡಿಯುತ್ತಿದ್ದರು. ಐವತ್ತರ ಆಸುಪಾಸು, ಮೇಲೆ ಖಾಕಿ ಶರ್ಟು, ಮುಖವೆಲ್ಲ ಮಸಿ. ರಸ್ತೆಯಂಚಿಗೆ ಬಂದವರೇ ನನ್ನ ಕೈಯಲ್ಲಿದ್ದ ಬಾಟಲಿ ನೋಡಿ, "ನೀರೈತೇನಮ್ಮಿ?" ಅಂದರು. ಕೊಟ್ಟೆ. ಕುಡಿಯುತ್ತಾರೆ ಅಂದುಕೊಂಡರೆ, ಅಷ್ಟನ್ನೂ ಟವೆಲ್ ಮೇಲೆ ಸುರಿದು, ಅದನ್ನು ಮೂಗು ಬಾಯಿಗೆ ಬಿಗಿದುಕೊಂಡು ಮತ್ತೆ ಒಳಗೆ ಹೋದರು.

ಬಸ್ಸು ಹೊರಟಾಗ ನಾನು ಹತ್ತಲಿಲ್ಲ. ಬೆಂಕಿ ಆರಿ ಅವರು ಬಂದು ಮೋರಿ ಕಟ್ಟೆಯ ಮೇಲೆ ಕೂತ ಮೇಲೆ ಹತ್ತಿರ ಹೋಗಿ ಕೇಳಿದೆ.

"ಇದು ನೌಕರಿ ಏನ್ರಿ?"

"ಬ್ಯಾಸ್ಗೆಗೆ ಫಾರೆಸ್ಟ್‌ನೋರು ಫೈರ್ ವಾಚರ್ ಅಂತ ತಗೋತಾರೆ ಕಣಮ್ಮಿ. ಚಳಿ ದಿನದಾಗೆ ಟ್ರೈನಿಂಗ್ ಇರ್ತದೆ. ಯಾಕೆ, ಬತ್ತೀಯಾ?"

ತಮಾಷೆಗೆ ಕೇಳಿದ್ದರು. ನಾನು "ಬರ್ತೀನ್ರಿ" ಅಂದಾಗ ನಗು ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

ಅವರದು ಅಲ್ಲಿಯ ಹಳೇ ಊರಿನ ಬೇಸಾಯದ ಮನೆ. ಹೊಲ ಲೇಔಟ್ ಆಗಿ, ಮಕ್ಕಳು ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದರು. ಈ ಕೆಲಸಕ್ಕೆ ಬರುವುದು ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. "ಒಲ ಓಯ್ತು. ಮೈ ಬಗ್ಸಿ ದುಡಿಯಾದೂ ಓಗ್ಬುಟ್ರೆ ನಾನ್ಯಾಕಿರ್ಬೇಕು?" ಅಂದರು. ನಮ್ಮ ಗದಗಿನ ಕಡೆಯ ರೂಢಿಯಂತೆ ನಾನು ಅವರನ್ನು ದೊಡ್ಡವ್ವ ಎಂದು ಕರೆದೆ. ಆ ಹೆಸರೇ ನಿಂತಿತು.

ನಾನು ಆಗ ಯಶವಂತಪುರದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ವಿಭಾಗದಲ್ಲಿದ್ದೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ಕಾಲರ್ ಮಡಿಸುವುದು. ಮಡಿಸಿದ ಶರ್ಟು ಯಾವ ದೇಶದ ಯಾರ ಮೈ ಸೇರುತ್ತದೋ ಗೊತ್ತಿಲ್ಲ. ಮಾಡಿದ ಕೆಲಸದ ಫಲ ಅಲ್ಲೇ, ಕಣ್ಣೆದುರಿಗೇ ಕಾಣುವುದನ್ನು ಆ ತೋಪಿನಲ್ಲಿ ನೋಡಿದ್ದೆ. ಅದು ತಲೆಯಿಂದ ಹೋಗಲಿಲ್ಲ.

ಶೆಟ್ಟಿಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ವಿಷಯ ಹೇಳಿದಾಗ ಅವಳು ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಹಾಗೇ ಬಿಟ್ಟಳು.

"ತಲಿ ನೆಟ್ಟಗೈತೇನ ನಿನಗ? ಜನ ಬೆಂಕಿ ಕಂಡ್ರ ಓಡತಾರ. ನೀ ಬೆಂಕಿ ಹುಡುಕ್ಕೊಂಡು ಹೊಂಟೀದಿ."

"ಕಲತರ ನೋಡ್ತೀನಿ. ಆಗ್ಲಿಲ್ಲಂದ್ರ ಹೊಳ್ಳಿ ಫ್ಯಾಕ್ಟರಿಗೆ ಹೋಗ್ತೀನಿ."

ಅವಳು ನನ್ನ ಜೊತೆ ಮಾತು ಬಿಟ್ಟಳು. ನಾನು ಚಳಿಗಾಲ ಬರುತ್ತಲೇ ಕೆಲಸ ಬಿಟ್ಟೆ.

ಯಲಹಂಕದಾಚೆಯ ಕುರುಚಲು ಕಾಡಿನಲ್ಲಿ ತರಬೇತಿ. ಕಲಿಸುವವರು ಕಾಡಿನ ಕೆಲಸದಲ್ಲೇ ತಲೆ ನರೆಸಿಕೊಂಡ ಒಬ್ಬ ಅಧಿಕಾರಿ. ನಮಗೆಲ್ಲ ಅವರು ಬರೀ ಸರ್. ಮೊದಲ ದಿನವೇ ನನ್ನ ನೈಲಾನ್ ಚೂಡಿದಾರ ನೋಡಿ, "ಇದು ಕಿಡಿ ತಾಗಿದ್ರೆ ಮೈಗೇ ಅಂಟ್ಕೊಳ್ಳುತ್ತೆ. ನಾಳೆಯಿಂದ ದಪ್ಪ ಕಾಟನ್" ಅಂದರು. ಆಮೇಲೆ ನಡಿಗೆ. ಬೆಳೆಗೆ ಔಷಧಿ ಹೊಡೆಯುವಂಥ ಪಂಪಿಗೆ ನೀರು ತುಂಬಿ, ಬೆನ್ನಿಗೆ ಕಟ್ಟಿಕೊಂಡು ದಿಣ್ಣೆ ಹತ್ತಿ ಇಳಿದು ಬರಬೇಕು. ಎಲ್ಲೂ ಕೂರುವಂತಿಲ್ಲ. ನಾನು ಅರ್ಧ ದಿಣ್ಣೆಗೆ ಬಂಡೆಯೊಂದರ ಮೇಲೆ ಕುಸಿದೆ. ಕೆಳಗಿಳಿದು ಬಂದಾಗ ಸರ್ ಬೈಯಲಿಲ್ಲ.

"ಮುಂದಿನ ವಾರ ಇನ್ನೊಂದ್ಸಲ ನಡೆಸ್ತೀನಿ. ಆಗ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಕಳಿಸ್ಬಿಡ್ತೀನಿ. ಬೆಂಕಿ ಮುಂದೆ ಹೀಗೆ ಕೂತ್ರೆ ನಾನು ನಿಮ್ಮನ್ನ ಹೊತ್ಕೊಂಡ್ ಬರಬೇಕಾಗುತ್ತೆ."

ಮರುದಿನದಿಂದ ನೀರಿನ ಕ್ಯಾನನ್ನು ಗೋಣಿಚೀಲಕ್ಕೆ ಹಾಕಿ, ಬೆನ್ನಿಗೆ ಬಿಗಿದು, ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿಳಿಯತೊಡಗಿದೆ. ಓನರ್ ಕಂಡು ಗಾಬರಿಯಾದರು. "ಯಾಕಮ್ಮಾ, ಲಿಫ್ಟ್ ಕೆಟ್ಟೋಗಿದ್ಯಾ?"

"ಇಲ್ರಿ, ಕಾಲು ಗಟ್ಟಿ ಮಾಡ್ಕೊಳ್ಳಾಕತ್ತೀನ್ರಿ."

ಅವರು ತಲೆಯಾಡಿಸಿ ಲಿಫ್ಟಿನಲ್ಲೇ ಹೋದರು. ಹೆಗಲು ಹಗ್ಗ ಕೊರೆದು ಕೆಂಪಗಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಹಗ್ಗ ಹೆಗಲಿಗೆ ಕೂರುವಲ್ಲಿ ಅಕ್ಕ ತನ್ನ ಹಳೇ ಇಳಕಲ್ ಸೀರೆಯ ತುಂಡನ್ನು ಮಡಿಸಿ ಹೊಲಿದಿದ್ದಳು.

ಎರಡನೇ ನಡಿಗೆಯಲ್ಲಿ ಎಲ್ಲರಿಗಿಂತ ಕೊನೆಗೆ ಬಂದೆ. ಕೂರಲಿಲ್ಲ. ಸರ್ "ಇರಿ" ಅಂದರು, ಅಷ್ಟೇ.

ಆಮೇಲೆ ನಿಜವಾದ ಪಾಠ ಶುರುವಾಯಿತು. ಬೆಂಕಿ ಬರುವ ದಾರಿಗೆ ಅಡ್ಡವಾಗಿ ಹುಲ್ಲು, ತರಗು, ಬೇರು ಎಲ್ಲ ಸನಿಕೆಯಿಂದ ಕೆರೆದು ಬರೀ ಮಣ್ಣಿನ ಪಟ್ಟಿ ಮಾಡಬೇಕು. ಅದು ಬೆಂಕಿ ರೇಖೆ. ಬೆಂಕಿ ಬಡಿಯುವ ಅಭ್ಯಾಸದಲ್ಲಿ ನಾನು ಕೊಂಬೆಯನ್ನು ತಲೆಯ ಮೇಲೆತ್ತಿ ಬೀಸಿದಾಗ, ಕಲಿಸಲು ಬಂದಿದ್ದ ದೊಡ್ಡವ್ವ ಕೈ ಹಿಡಿದರು. "ಇಂಗೆ ಒಡದ್ರೆ ಕಿಡಿ ಸಿಡ್ದು ಇನ್ನೊಂದ್ ಕಡೆ ಅತ್ಕೊಂತದೆ. ಅದ್ಮಿ ಹಿಡಿ, ಸುಟ್ಟಿರೋ ಕಡೀಕೆ ಗುಡ್ಸು." ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಅಂಗೈ ಬೊಕ್ಕೆ ಒಡೆದು, ಗಟ್ಟಿಯಾಗಿ, ಮತ್ತೆ ಒಡೆಯಿತು. ಒಂದು ದಿನವೂ ತಪ್ಪಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ, ತರಬೇತಿ ಇನ್ನೂ ಮುಗಿಯದಿರುವಾಗಲೇ, ನಿಜವಾದ ಬೆಂಕಿ ಬಂತು. ಕಾಡಿನಂಚಿಗೆ ಯಾರೋ ಕಸ ಸುಟ್ಟು ಹೋಗಿದ್ದರು. ನಾನೂ ದೊಡ್ಡವ್ವನೂ ಒಂದು ಪಟ್ಟಿ ಕೆರೆಯಲು ನಿಂತೆವು. ಒಣಗಿದ ಬಾದೆ ಹುಲ್ಲು ಎದೆಯೆತ್ತರ. ಪಟ್ಟಿ ಇನ್ನೇನು ಬಂಡೆಯವರೆಗೆ ಮುಟ್ಟಬೇಕು, ಗಾಳಿ ತಿರುಗಿತು. ಕೆನ್ನೆಗೆ ಒಮ್ಮೆಲೇ ಕಾವು ಬಡಿಯಿತು.

"ಬಿಟ್ಬಿಡಿ! ಕಪ್ಪು ಜಾಗಕ್ಕೆ ಬನ್ನಿ!" ಸರ್ ಕೂಗಿದರು. ಆಗಲೇ ಸುಟ್ಟು ಕರಕಾದ ನೆಲದ ಮೇಲೆ ನಿಂತರೆ ಬೆಂಕಿಗೆ ಅಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ.

"ಇನ್ನೊಂದೀಟು ಉಳಿದೈತ್ರೀ!" ಎಂದು ನಾನು ಸನಿಕೆ ಎತ್ತಿದೆ. ದೊಡ್ಡವ್ವ ನನ್ನ ಸೊಂಟದ ಬೆಲ್ಟಿಗೆ ಕೈ ಹಾಕಿ ಎಳೆದರು. "ಬಾರಮ್ಮಿ ಅಂದ್ರೆ ಬಾ!"

ಓಡಿದೆವು. ಕರಿ ನೆಲದ ಮೇಲೆ ನಿಂತು ತಿರುಗಿದರೆ, ನಾವು ಕೆರೆದ ಪಟ್ಟಿಯನ್ನು ಬೆಂಕಿ ಸಲೀಸಾಗಿ ಹಾರಿ ಆಚೆ ಹೋಗುತ್ತಿತ್ತು. ನನಗೆ ಅಳು ಬಂತು. ಹೆದರಿಕೆಗಲ್ಲ, ಸಿಟ್ಟಿಗೆ. ಸರ್ ಅದನ್ನು ನೋಡಿದರು.

"ಹೋಗಿದ್ದು ಹೋಯ್ತು. ಹಿಂದೆ ಗಾಡಿ ದಾರಿ ಇದೆ, ಅಲ್ಲಿಂದ ಹೊಸಾದು ತೆಗೀತೀರಾ?"

ಕಣ್ಣೊರೆಸಿಕೊಂಡು ಸನಿಕೆ ಎತ್ತಿಕೊಂಡೆ. ಗಾಡಿ ದಾರಿಯನ್ನೇ ಆಧಾರ ಮಾಡಿಕೊಂಡು ಎಲ್ಲರೂ ಸೇರಿ ಅಗಲ ಮಾಡಿದೆವು. ಬರೀ ಸನಿಕೆಯ ಸದ್ದು, ಕೆಮ್ಮು. ಬೆಂಕಿ ಬಂತು, ಮಣ್ಣಿನಂಚಿಗೆ ಬಂದು ತಡವರಿಸಿತು. ಕೊಂಬೆ ಹಿಡಿದು ಮೇಲೆ ಬಿದ್ದೆವು. ಈ ಪಟ್ಟಿಯನ್ನು ಅದು ದಾಟಲಿಲ್ಲ.

ಸಂಜೆಗೆ ಉಳಿದವರು ಜೀಪಿನ ಹತ್ತಿರ ಚಿತ್ರಾನ್ನದ ಪೊಟ್ಟಣ ಬಿಚ್ಚಿದರು. ನಾನು ಒಂದು ಸುಟ್ಟ ಬೊಡ್ಡೆಯ ಮುಂದೆ ಮಂಡಿಯೂರಿದ್ದೆ. ಮೇಲೆಲ್ಲ ಬೂದಿ, ಹೊಗೆ ಕಾಣುತ್ತಿರಲಿಲ್ಲ. ಆದರೆ ಕೈಯ ಹಿಂಬದಿಯನ್ನು ಹತ್ತಿರ ತಂದರೆ ಒಳಗಿನ ಬಿಸಿ ತಿಳಿಯುತ್ತಿತ್ತು.

"ಊಟ ಮಾಡ್ ಬನ್ನಿ," ಸರ್ ಕರೆದರು. "ಈ ಸೀಸನ್‌ಗೆ ನಿಮ್ಮನ್ನ ತಗೊಂಡಿದೀನಿ. ನಾಳೆಯಿಂದ ಡ್ಯೂಟಿ."

ಒಂದು ಕ್ಷಣ ಕೈ ನಿಂತಿತು. "ಒಳಗ ಇನ್ನೂ ಬಿಸಿ ಐತ್ರಿ ಸರ್," ಅಂದೆ.

ದೊಡ್ಡವ್ವ ನಮ್ಮಿಬ್ಬರ ಪೊಟ್ಟಣಗಳನ್ನೂ ಬಂಡೆಯ ಮೇಲಿಟ್ಟು, ಪಂಪು ಹೊತ್ತು ಬಂದು ಪಕ್ಕದಲ್ಲಿ ನಿಂತರು. ನಾನು ಬೇರಿನ ಬುಡ ಅಗೆದೆ, ಅವರು ನೀರು ಬಿಟ್ಟರು. ಬೊಡ್ಡೆ ಸುಯ್ಯೆಂದು ಹಬೆ ಬಿಟ್ಟಿತು. ಅದು ತಣ್ಣಗಾದ ಮೇಲೆಯೇ ನಾವು ಊಟಕ್ಕೆ ಕೂತದ್ದು.