ಮಾವನವರ ಮುಂದೆ ಮುಚ್ಚಿಟ್ಟ ಮೂರು ಎಲೆ

ನಮ್ಮ ಮನೆಯಲ್ಲಿ ಇಸ್ಪೀಟು ಆಡುವುದು ದೀಪಾವಳಿಗೆ ಮಾತ್ರ. ಪಾಡ್ಯದ ಊಟ ಮುಗಿದು ಕರಚಿಕಾಯಿ ಡಬ್ಬಿ ಪಡಸಾಲೆಗೆ ಬಂತೆಂದರೆ ಅದರ ಬೆನ್ನಿಗೇ ಎಲೆಯ ಕಟ್ಟೂ ಬರುತ್ತದೆ. ಆಟ ತೀನ್ ಪತ್ತಿ. ಒಬ್ಬೊಬ್ಬರಿಗೆ ಮೂರು ಎಲೆ. ಕೈ ಚೆನ್ನಾಗಿದೆ ಎನ್ನುವವರು ನಡುವೆ ಹುಣಸೆ ಬೀಜ ಹಾಕುತ್ತ ಹೋಗಬೇಕು, ಧೈರ್ಯ ಸಾಲದವರು ಎಲೆ ಮುಚ್ಚಿಟ್ಟು ಸುಮ್ಮನೆ ಕೂರಬೇಕು. ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬರು ಶೋ ಕೇಳಿದರೆ ಎಲೆ ತೋರಿಸುವುದು. ರೊಕ್ಕ ಇಟ್ಟು ಆಡಿದರೆ ಎಲೆಯನ್ನೆಲ್ಲ ಒಲೆಗೆ ಹಾಕುತ್ತೇನೆ ಎಂದು ಅತ್ತೆ ಎಂದೋ ಹೇಳಿದ್ದರಂತೆ. ಬರೀ ಬೀಜಕ್ಕೇ ನಮ್ಮವರು ಆಡುವ ಜಗಳ ನೋಡಿದರೆ ಅತ್ತೆಗೆ ಕೈ ಮುಗಿಯಬೇಕು ಅನಿಸುತ್ತದೆ.

ನಾನು ರಾಮದುರ್ಗದ ಕಡೆಯವಳು, ಮದುವೆಯಾಗಿ ಸಂಗೊಳ್ಳಿಗೆ ಬಂದವಳು. ಮೊದಲ ದೀಪಾವಳಿಗೇ ಈ ಮನೆಯವರ ಆಟ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿರುವುದನ್ನು ಬಚ್ಚಿಡಲು ಒಬ್ಬರಿಗೂ ಬರುವುದಿಲ್ಲ. ನಮ್ಮ ಯಜಮಾನರ ಕೈಯಲ್ಲಿ ಏನೂ ಇಲ್ಲದಾಗ ಮಾತು ಜೋರು. ಕಬ್ಬಿನ ಲಾರಿಯಿಂದ ಹಿಡಿದು ದಿಲ್ಲಿಯ ತನಕ ಎಲ್ಲ ಸುದ್ದಿ ಬರುತ್ತದೆ. ನಿಜಕ್ಕೂ ಒಳ್ಳೆಯ ಎಲೆ ಬಿದ್ದರೆ ಪುಣ್ಯಾತ್ಮರು ಉಸಿರಾಡುವುದನ್ನೂ ಮರೆಯುತ್ತಾರೆ. ಮೈದುನ ಕೆಟ್ಟ ಎಲೆಯನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಾನೆ, ಅಷ್ಟರಲ್ಲಿ ಅದು ರಾಣಿಯಾಗಿರಬಹುದೇನೋ ಎಂಬಂತೆ. ಒಮ್ಮೆ ಬೀಜ ಹಾಕಿದ ಮೇಲೆ ಹಿಂದೆ ಸರಿದರೆ ಅವನಿಗೆ ಮಾನ ಹೋದ ಹಾಗೆ. ಸೋಲುತ್ತೇನೆಂದು ಗೊತ್ತಿದ್ದೂ ಹಾಕುತ್ತಲೇ ಹೋಗುತ್ತಾನೆ.

ಇನ್ನು ಅತ್ತೆ. ಅವರ ಬಾಯಿಯನ್ನು ನಂಬಬಾರದು. "ಏನ ಎಲಿ ಬಂದಾವೊ, ಸುಡ್ಲಿ" ಎಂದು ಬೈಯುವುದು ನಿಲ್ಲುವುದೇ ಇಲ್ಲ. ನೋಡಬೇಕಾದದ್ದು ಕೈ. ಎಲೆ ಚೆನ್ನಾಗಿದ್ದರೆ ಆ ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತದೆ. ಮಾವನವರಿಗೆ ಇದು ಎಂದಿನಿಂದಲೂ ಗೊತ್ತು, ಹೆಂಡತಿಗೆ ಮಾತ್ರ ಹೇಳಿಲ್ಲ. ಅವರೊಬ್ಬರೇ ಯಾರ ಕೈಗೂ ಸಿಗದವರು. ಅಡಿಕೆ ಅಗಿಯುತ್ತ ಎಲ್ಲರನ್ನೂ ನೋಡುತ್ತ ಕೂತಿರುತ್ತಾರೆ.

ಇಷ್ಟೆಲ್ಲ ಕಂಡುಹಿಡಿದ ಜಾಣೆಗೆ ತನ್ನ ತಪ್ಪು ಕಂಡಿರಲಿಲ್ಲ. ಮಾವನವರು ಬೀಜ ಹಾಕಿದರೆ ಸಾಕು, ನಾನು ಎಲೆ ಮುಚ್ಚಿಡುತ್ತಿದ್ದೆ. ಕೈಯಲ್ಲಿ ಎಕ್ಕಾದ ಜೋಡಿ ಇದ್ದರೂ ಅಷ್ಟೆ. ಹಿರಿಯರ ಎದುರು ಕೂತು ತೋರಿಸಿ ಎನ್ನುವುದು ಹೇಗೆ? ತವರಿನಲ್ಲಿ ಅಪ್ಪನ ಮುಂದೆಯೂ ಹಾಗೇ ಬೆಳೆದವಳು ನಾನು. ಒಂದು ವರ್ಷ ಮಾವನವರು ನಾನು ಮುಚ್ಚಿಟ್ಟ ಎಲೆಗಳನ್ನು ತಿರುವಿ ನೋಡಿದರು. ಮೂರೂ ಗುಲಾಮ. ಅಂಥ ಕೈ ವರ್ಷಕ್ಕೊಮ್ಮೆಯೂ ಬೀಳುವುದಿಲ್ಲ.

"ಇದನ್ನ ಬಿಟ್ಟೆ?" ಅಂದರು.

"ಹೋಗ್ಲಿ ಬಿಡ್ರಿ ಮಾವಾರ, ಆಟ ಐತಿ."

"ಯವ್ವಾ, ಕೆಟ್ಟ ಎಲಿ ಇದ್ರ ನೀ ಸುಮ್ನ ಒಗಿತಿ. ಚಲೋ ಎಲಿ ಇದ್ರ ಮೂರೂ ಜೋಡಿಸಿ, ಅಂಚಿಗೆ ಅಂಚ ಕೂಡಿಸಿ ಇಡ್ತಿ. ನಾ ಭಾಳ ದಿನದಿಂದ ನೋಡಾಕತ್ತೇನಿ."

ನನಗೆ ಮುಖವೆಲ್ಲ ಬಿಸಿಯಾಯಿತು. ಆಮೇಲೆಯೂ ಆ ಚಾಳಿ ಬಿಡಲಿಲ್ಲ ಅನ್ನಿ.

ಹೋದ ದೀಪಾವಳಿಯ ಹೊತ್ತಿಗೆ ಬೈಲಹೊಂಗಲದ ಒಂದು ಲ್ಯಾಬಿನವರು ನನ್ನನ್ನು ಕೆಲಸಕ್ಕೆ ಕರೆದಿದ್ದರು. ರಕ್ತ ಪರೀಕ್ಷೆಯ ಕೋರ್ಸನ್ನು ಮದುವೆಗೆ ಮುಂಚೆಯೇ ಮುಗಿಸಿದ್ದೆ. ಮಗಳು ಸಾಲೆಗೆ ಹೋಗತೊಡಗಿದ ಮೇಲೆ ಆ ಕೆಲಸದ ಆಸೆ ನನ್ನನ್ನು ನೆಮ್ಮದಿಯಿಂದ ಕೂರಗೊಡುತ್ತಿರಲಿಲ್ಲ. ಹಬ್ಬ ಮುಗಿದ ಮರುದಿನ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು, ಇಲ್ಲದಿದ್ದರೆ ಬೇರೊಬ್ಬರನ್ನು ತೆಗೆದುಕೊಳ್ಳುತ್ತಿದ್ದರು.

ಆ ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮಾತು ತೆಗೆದೆ. ಯಜಮಾನರು ಕೂಡಲೇ ಶುರು ಮಾಡಿದರು: ಬಸ್ಸಿನ ಗದ್ದಲ, ರಸ್ತೆಯ ತಗ್ಗು, ಈಗಿನ ಕಾಲದ ಲ್ಯಾಬುಗಳು. ಇವರ ಕೈಯಲ್ಲಿ ಏನೂ ಇಲ್ಲ ಎಂದು ನನಗೆ ಗೊತ್ತಾಯಿತು. ಅತ್ತೆ ಮಾತ್ರ ನೇರವಾಗಿ ಕೇಳಿದರು: "ಮುಂಜಾನೆ ರೊಟ್ಟಿ ಬಡಿಯಾಕಿ ಯಾರು? ಎಮ್ಮಿ ಹಿಂಡಾಕಿ ಯಾರು?"

"ಬಿಡ್ರಿ ಅತ್ತಿ, ನನಗೂ ಅಂಥಾ ಆಸೆ ಏನಿಲ್ಲ. ಸುಮ್ನ ಕೇಳಿದೆ" ಅಂದೆ. ಯಾರ ಮುಖವನ್ನೂ ನೋಡಲಾರದೆ ಬುಟ್ಟಿಯಲ್ಲಿದ್ದ ಕಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತೆ.

ಮಾವನವರು ತುತ್ತು ಕೈಯಲ್ಲೇ ಹಿಡಿದುಕೊಂಡು ಆ ಬುಟ್ಟಿಯನ್ನೇ ನೋಡಿದರು. "ನಿನ್ನ ಸೊಸಿ ಸುಳ್ಳ ಹೇಳಾಕತ್ತಾಳ," ಎಂದು ಅತ್ತೆಗೆ ಹೇಳಿದರು. "ರೊಟ್ಟಿ ಹೆಂಗ ಅಂಚಿಗೆ ಅಂಚ ಕೂಡಿಸ್ಯಾಳ ನೋಡು. ಚಲೋ ಎಲಿ ಮುಚ್ಚಿ ಇಡಾಕತ್ತಾಳ." ಆಮೇಲೆ ನನ್ನ ಕಡೆ ತಿರುಗಿದರು. "ಈ ಸಲ ನಾ ತಿರುವಿ ನೋಡಾಂಗಿಲ್ಲ, ಯವ್ವಾ. ನೀನ ತೋರಸು."

ಎಲ್ಲರ ಮುಂದೆ ಹೀಗೆ ಹಿಡಿದು ನಿಲ್ಲಿಸಿದರಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಯಿ ಬಂತು ನೋಡಿ.

"ನನಗ ಆ ಕೆಲಸ ಬೇಕ್ರಿ, ಮಾವಾರ. ಭಾಳ ಬೇಕು."

ಯಜಮಾನರ ಮಾತು ನಿಂತಿತು. ಉಸಿರಾಡುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದರು.

"ಹಂಗಾರ ಒಲಿ ಮುಂದ ನಾನ ಸಾಯಬೇಕು," ಎಂದು ಅತ್ತೆ ಬೈಯತೊಡಗಿದರು. "ಈ ವಯಸ್ಸಿನ್ಯಾಗ ಮತ್ತ ರೊಟ್ಟಿ ಬಡಿ, ಎಮ್ಮಿ ಹಿಂಡು, ಇಕಿಗೆ ಡಬ್ಬಿ ಬ್ಯಾರೆ ಕಟ್ಟು. ಬಸ್ ಎಷ್ಟಕ್ಕ ಅಂದಿ?"

ಕೇಳುತ್ತ ಕೇಳುತ್ತ ಅವರ ಕೈ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಮಾವನವರು ನೋಡಿದರು, ನಾನೂ ನೋಡಿದೆ.