ಸುಂದರಿಯ ಸೈಕಲ್ಲು

ಪಾರ್ಕಿಂಗಿನಲ್ಲಿ ಧೂಳು ತಿನ್ನುತ್ತ ನಿಂತ ಹಳೆ ಸೈಕಲ್ಲುಗಳನ್ನೆಲ್ಲ ತಿಂಗಳ ಕೊನೆಗೆ ಗುಜರಿಗೆ ಹಾಕುತ್ತೇವೆಂದು ಅಪಾರ್ಟ್‌ಮೆಂಟಿನ ಸೊಸೈಟಿಯವರು ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದ್ದರು. ನಿಕಿತಾ ಅದನ್ನು ಓದಿ ಬಂದು ತಾಯಿಗೆ ಹೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. "ದೇ ದೋ ನಾ ಮಮ್ಮಿ, ಅಬ್ ಕೌನ್ ಚಲಾತಾ ಹೈ." ಕೊಟ್ಟುಬಿಡು, ನಿನ್ನ ಸೈಕಲ್ಲನ್ನು ಈಗ ಯಾರು ಓಡಿಸುತ್ತಾರೆ ಎಂದು.

ಮರುದಿನ ಬೆಳಿಗ್ಗೆ ಮಗಳು ಆಫೀಸಿಗೆ ಹೊರಟ ಮೇಲೆ ಸುಂದರಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಣ್ಣ ಕೀಳುವ ರಿಮೂವರಿನ ಡಬ್ಬಿ, ಉಪ್ಪು ಕಾಗದ, ಕೆರೆಯುವ ಪಟ್ಟಿ ತಂದಳು. ಐರೋಲಿಯ ಆ ಕಟ್ಟಡದ ಹಿಂದುಗಡೆ, ನೀರಿನ ಟಾಕಿಯ ನೆರಳಿಗೆ ಸೈಕಲ್ಲನ್ನು ಎಳೆದೊಯ್ದು ಕೆಲಸಕ್ಕೆ ಕೂತಳು.

ರಿಮೂವರ್ ಹಚ್ಚಿದಲ್ಲಿ ಹಸಿರು ಬಣ್ಣ ಹಪ್ಪಳದಂತೆ ಗುಳ್ಳೆ ಎದ್ದಿತು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಅವಳಿಗೆ ಹಿಂದೆ ಸಂಸಾರ ಮಾಡಿದ್ದ ಡೊಂಬಿವಲಿ ನೆನಪಾಯಿತು. ಗಾಳಿ ತಿರುಗಿದ ದಿನ ಕೆಮಿಕಲ್ ಫ್ಯಾಕ್ಟರಿಗಳ ಕಡೆಯಿಂದ ಬರುತ್ತಿದ್ದದ್ದು ಇಂಥದೇ ವಾಸನೆ. ಒಣಗಿದ ಬಟ್ಟೆಗೂ ಅದೇ, ನೆನೆಹಾಕಿದ ಉದ್ದಿಗೂ ಅದೇ. ಆಗ ಬೈದುಕೊಳ್ಳುತ್ತಿದ್ದವಳು ಈಗ ಮೂಗು ಮುಚ್ಚಿಕೊಳ್ಳದೆ ಪಟ್ಟಿಯಿಂದ ಕೆರೆಯತೊಡಗಿದಳು.

ಕಾರ್ಕಳದಿಂದ ಮದುವೆಯಾಗಿ ಬಂದಾಗ ಅವಳಿಗೆ ತುಳು, ಕನ್ನಡ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಗಂಡ ಸರ್ವೋತ್ತಮ ಡೊಂಬಿವಲಿ ಸ್ಟೇಷನ್ನಿನೆದುರು ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂರುತ್ತಿದ್ದ. ತಾವಿದ್ದ ಸಾಲುಮನೆಗಳ ಚಾಳಿನ ನೆರೆಹೊರೆಗೆಂದು ಅವಳು ರುಬ್ಬಿ ಕೊಡುತ್ತಿದ್ದ ದೋಸೆಹಿಟ್ಟಿನ ಹೆಸರು ಮೆಲ್ಲಗೆ ಆಚೆಯ ಸೊಸೈಟಿಗಳಿಗೂ ಹಬ್ಬಿತು. ತಲೆಹೊರೆಯಲ್ಲಿ ಅಷ್ಟು ದೂರ ಒಯ್ಯುವುದು ಆಗದ ಮಾತು. ಒಂದು ಭಾನುವಾರ ಸರ್ವೋತ್ತಮ ಪಕ್ಕದ ಕಲ್ಯಾಣ ಪೇಟೆಯಿಂದ ಹಳೆಯದೊಂದು ಲೇಡೀಸ್ ಸೈಕಲ್ಲು ತಂದು ಬಾಗಿಲಿಗೆ ಒರಗಿಸಿದ. ನಗುವವರು ನಕ್ಕರು. ಶಾಲೆಯ ಮೈದಾನದಲ್ಲಿ ಬಿದ್ದು, ಮೊಣಕಾಲು ಕೆತ್ತಿಕೊಂಡು, ಸೀರೆಯ ಅಂಚಿಗೆ ಪಿನ್ನು ಚುಚ್ಚಿಕೊಂಡು ಅವಳು ಕಲಿತೇಬಿಟ್ಟಳು. ಆಮೇಲೆ ಹ್ಯಾಂಡಲಿನ ಎರಡೂ ಕಡೆ ಹಿಟ್ಟಿನ ಡಬ್ಬಿ ತೂಗಿಸಿಕೊಂಡು ಅವಳು ಬೆಲ್ಲು ಹೊಡೆದರೆ ಮೇಲಿನ ಕಿಟಕಿಗಳಿಂದ ಪಾತ್ರೆಗಳು ಹಗ್ಗದಲ್ಲಿ ಇಳಿಯುತ್ತಿದ್ದವು. ವರ್ಷಗಟ್ಟಲೆ ಹಾಗೆಯೇ ನಡೆಯಿತು. ಅಂಗಡಿಗಳಲ್ಲಿ ಹಿಟ್ಟಿನ ಪ್ಯಾಕೆಟ್ಟುಗಳು ಬಂದ ಮೇಲೆ ಕಿಟಕಿಗಳು ಒಂದೊಂದಾಗಿ ಮುಚ್ಚಿದವು.

ಹಸಿರಿನ ಕೆಳಗೆ ನೀಲಿ ಕಾಣಿಸಿತು. ಅದು ಎರಡು ಸಾವಿರದ ಐದನೇ ಇಸವಿಯ ಜುಲೈ ಇಪ್ಪತ್ತಾರರ ಮಹಾಮಳೆಯ ನಂತರದ ಬಣ್ಣ. ಚಾಳಿನೊಳಗೆ ಸೊಂಟದ ಮಟ್ಟ ನೀರು ನಿಂತು, ಇಳಿದಾಗ ಸೈಕಲ್ಲು ಕೆಸರಿನ ಮುದ್ದೆಯಾಗಿತ್ತು. ಸರ್ವೋತ್ತಮ ಅದನ್ನು ತಿಕ್ಕಿ ತೊಳೆದು, ಕಿಟಕಿ ಸರಳಿಗೆ ಬಳಿದು ಉಳಿದಿದ್ದ ನೀಲಿಯನ್ನು ಬಳಿದಿದ್ದ. ಅವನು ಹೋಗಿ ನಾಲ್ಕು ವರ್ಷವಾಯಿತು.

"ಏನ್ರೀ ಮಾಡ್ತಿದ್ದೀರಿ ಒಬ್ಬರೇ?" ಎನ್ನುತ್ತ ಮೂರನೇ ಮಹಡಿಯ ಶಾಂತಮ್ಮ ಬಂದರು. ಮೈಸೂರಿನವರು. ಗಂಡ ಗುಂಡಣ್ಣ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮಗನ ಜೊತೆ ಇರಲು ಇಲ್ಲಿಗೆ ಬಂದವರು. ಸುಂದರಿ ಬೇಡವೆಂದರೂ ಕೇಳದೆ ಇನ್ನೊಂದು ಬ್ರಷ್ಷು ಹಿಡಿದು ಚೈನ್ ಕವರಿಗೆ ರಿಮೂವರ್ ಬಳಿಯತೊಡಗಿದರು. ಸುಂದರಿ ಹಿಂದಿನ ಮಡ್‌ಗಾರ್ಡಿನ ತುಕ್ಕಿನೊಡನೆ ಗುದ್ದಾಡುತ್ತಿದ್ದಳು. ಆ ಕಡೆ ನೋಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಶಾಂತಮ್ಮ ಕೆರೆಯುವುದನ್ನು ನಿಲ್ಲಿಸಿ ಬಗ್ಗಿ ನೋಡಿದರು.

"ಇಲ್ಲಿ ಕನ್ನಡದಲ್ಲಿ ಏನೋ ಬರೆದಿದೆ ಕಣ್ರೀ. ಮೊದಲಿನದು ಅಳಿಸಿದೆ, ಸುಂದರಿ ಅಂತಿರಬೇಕು."

ಸುಂದರಿ ಮಡ್‌ಗಾರ್ಡು ಬಿಟ್ಟು ಧಾವಿಸಿ ಬಂದಳು. ರಿಮೂವರ್ ತೊಳೆದುಹೋಗಲೆಂದು ಪಕ್ಕದಲ್ಲಿದ್ದ ಬಕೆಟ್ಟಿನ ನೀರನ್ನು ಹಾಗೆಯೇ ಚೈನ್ ಕವರಿನ ಮೇಲೆ ಸುರಿದಳು. ಬೆರಳಿನಿಂದ ಮೆತ್ತಗೆ ಒರೆಸಿದಳು. ಮೊದಲ ಅಕ್ಷರ ನೀಲಿಯ ಜೊತೆಗೇ ಕಿತ್ತು ಹೋಗಿತ್ತು. ಉಳಿದವು ಕಪ್ಪು ಬಣ್ಣದ ಮೇಲೆ ಬೆಳ್ಳಗೆ, ಸ್ವಲ್ಪ ಸೊಟ್ಟಗೆ ನಿಂತಿದ್ದವು. ಸೈಕಲ್ಲು ಬಂದ ವಾರದಲ್ಲೇ ಸರ್ವೋತ್ತಮ ಬರೆದದ್ದು. ಡೊಂಬಿವಲಿಯಲ್ಲಿ ಇದನ್ನು ಓದುವವರು ಯಾರೆಂದು ಅವಳು ಕೇಳಿದ್ದಳು. ನೀನು ಓದಿದರೆ ಸಾಕು ಎಂದಿದ್ದ. ನೀಲಿ ಬಳಿದಾಗ ಮತ್ತೆ ಬರೆಯುತ್ತೇನೆ ಅಂದಿದ್ದನಾದರೂ ಹೋಟೆಲಿನ ಗಡಿಬಿಡಿಯಲ್ಲಿ ಅದು ಹಾಗೆಯೇ ಉಳಿದುಹೋಗಿತ್ತು. ಅವಳೂ ಮರೆತುಬಿಟ್ಟಿದ್ದಳು.

ಶಾಂತಮ್ಮನ ಮುಖ ಬಾಡಿತು. ತಾನೇ ಕೆಡಿಸಿದೆನೆಂದು ಪೇಚಾಡತೊಡಗಿದರು.

"ಇಲ್ಲ ಮಾರಾಯ್ರೆ," ಎಂದಳು ಸುಂದರಿ ಕಣ್ಣೊರೆಸಿಕೊಂಡು. "ನನ್ನನ್ನು, ಅವರನ್ನು ಬಿಟ್ಟು ಇದನ್ನು ಓದಿದ್ದು ನೀವೇ ಮೊದಲು. ನೀವು ಬರದಿದ್ರೆ ನಾನು ಪೂರ್ತಿ ಕೆರೆದು ಹಾಕ್ತಿದ್ದೆ."

ಇಬ್ಬರೂ ಟಾಕಿಯ ಕಟ್ಟೆಯ ಮೇಲೆ ಕೂತರು. ಸುಂದರಿ ಡೊಂಬಿವಲಿಯ ಕತೆ ಹೇಳಿದಳು. ಶಾಂತಮ್ಮ ಕೇಳುತ್ತ ಕೇಳುತ್ತ ತಮ್ಮದನ್ನೂ ಹೇಳಿದರು. ಹುಡುಗಿಯಾಗಿದ್ದಾಗ ಅಣ್ಣಂದಿರಿಗೆಲ್ಲ ಸೈಕಲ್ಲು ಇತ್ತಂತೆ. ಅದನ್ನು ಒರೆಸುವ ಕೆಲಸ ಮಾತ್ರ ಇವರದು, ಹತ್ತಲು ಅಪ್ಪ ಬಿಟ್ಟಿರಲಿಲ್ಲವಂತೆ. ಆಮೇಲೆ ತುಸು ತಡೆದು, ಚೈನಿನ ಕಡೆ ನೋಡುತ್ತಲೇ ಕೇಳಿದರು. "ಈ ವಯಸ್ಸಲ್ಲಿ ಕಲಿಯಕ್ಕಾಗುತ್ತಾ?"

"ಬಿದ್ರೆ ಎದ್ದರಾಯ್ತು. ಎಂತ ಮಹಾ," ಎಂದಳು ಸುಂದರಿ.

ಉಳಿದ ಬಣ್ಣವನ್ನು ಇಬ್ಬರೂ ಸೇರಿ ಕಿತ್ತರು. ತುಕ್ಕು ತಿಕ್ಕಿ, ಕೆಂಪು ಪ್ರೈಮರ್ ಹಚ್ಚಿ, ಫ್ರೇಮಿಗೆ ಕಪ್ಪು ಬಳಿದರು. ಚೈನ್ ಕವರಿಗೆ ಬರೀ ವಾರ್ನಿಶ್. ನಿಕಿತಾ ಸಂಜೆ ಬಂದು ನೋಡಿ, ಆ ಅಕ್ಷರಗಳು ಏನೆಂದು ತಾಯಿಯನ್ನು ಕೇಳಿ ತಿಳಿದುಕೊಂಡಳು. ಮತ್ತೆ ಗುಜರಿಯ ಮಾತು ಎತ್ತಲಿಲ್ಲ.

ಮಳೆಗಾಲ ಮುಗಿದ ಮೇಲೆ ಶಾಂತಮ್ಮನ ಕಲಿಕೆ ಶುರುವಾಯಿತು. ಗುಂಡಣ್ಣ ಮೊದಮೊದಲು ಬಾಲ್ಕನಿಯಿಂದಲೇ ಹುಷಾರು ಹುಷಾರು ಎನ್ನುತ್ತಿದ್ದರು. ಶಾಂತಮ್ಮ ತುಳಸಿ ಕಟ್ಟೆಗೆ ಗುದ್ದಿ ಕುಂಡ ಒಡೆದ ದಿನ ಗುಂಡಣ್ಣನೇ ಕೆಳಗಿಳಿದು ಬಂದರು. ಆಮೇಲೆ ದಿನವೂ ಬಂದರು. ದೀಪಾವಳಿಯ ಹೊತ್ತಿಗೆ ಶಾಂತಮ್ಮ ಒಬ್ಬರೇ ಕಾಯಿಪಲ್ಲೆಯ ಅಂಗಡಿಗಳವರೆಗೆ ಹೋಗಿಬರುವಷ್ಟಾದರು. ತಿರುವು ಬಂದರೆ ಮಾತ್ರ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ದಾಟಿ, ಮತ್ತೆ ಹತ್ತುತ್ತಿದ್ದರು.