ಸಿಮೆಂಟಿನ ಹಂಟರ್, ಕೆಂಪು ಬಟ್ಟೆ

ನಮ್ಮ ಮನೆಯವರು ತೀರಿಕೊಂಡ ಮೇಲೆ, ದೇವಣಗಾಂವದ ನಮ್ಮ ಹೊಲದಲ್ಲಿರುವ ಅವರ ಸಮಾಧಿಯ ಮೇಲೆ ಏನಿಡಬೇಕೆಂಬ ಮಾತು ಬಂತು. ನಮ್ಮ ಕಡೆ ಒಂದು ಲಿಂಗ, ಎದುರಿಗೊಂದು ನಂದಿ ಇಟ್ಟರೆ ಮುಗಿಯಿತು. ಮುದ್ದೇಬಿಹಾಳದಲ್ಲಿರುವ ನನ್ನ ಮೈದುನನಿಗೆ ಅದು ಸಾಲಲಿಲ್ಲ.

"ವೈನಿ, ಅಣ್ಣಾ ವೈರಿ ಟ್ಯಾಂಕ್ ಉಡಾಯಿಸಿದಾಂವ. ಬರೇ ನಂದಿ ಇಟ್ರ ಮಂದಿ ಒಕ್ಕಲುತನದಾಂವ ಅಂತ ತಿಳೀತಾರ. ವಿಮಾನಾನ ಇಡೂಣು."

"ನಿಮ್ಮಣ್ಣ ಒಕ್ಕಲುತನಾನ ಮಾಡಿದ್ರಲ್ಲ?"

"ಅದು ಆಮ್ಯಾಲಿಂದ್ ಬಿಡ್ರಿ."

ಆಮೇಲಿನದು ಎಂದರೆ ನನ್ನ ಜೊತೆ ಜೋಳ, ತೊಗರಿ ಬೆಳೆದ ಅವರ ಹೆಚ್ಚುಕಡಿಮೆ ಇಡೀ ಬದುಕು.

ಅವರು ಮದುವೆಗೆ ಮೊದಲೇ ವಾಯುಪಡೆಗೆ ಸೇರಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ನೆಲೆಯೊಂದರಲ್ಲಿ ಹಂಟರ್ ಎಂಬ ಯುದ್ಧವಿಮಾನಗಳ ಚಾಕರಿ ಮಾಡಿದರು. ಚಾಕರಿ ಎಂದರೆ ನೆಲದ ಮೇಲಿನದು. ಆ ವಿಮಾನಕ್ಕೆ ರೆಕ್ಕೆಯ ಬುಡದಲ್ಲಿ, ಎರಡೂ ಕಡೆ, ಗಾಳಿ ಎಳೆದುಕೊಳ್ಳುವ ಬಾಯಿ ಇರುತ್ತದಂತೆ. ವಿಮಾನ ನಿಂತ ಕೂಡಲೇ ಆ ಬಾಯಿಗೆ ಕೆಂಪು ಬಟ್ಟೆಯ ಮುಚ್ಚಳ ಕಟ್ಟಬೇಕು, ಇಲ್ಲದಿದ್ದರೆ ಮರಳು ಹೊಕ್ಕು ಎಂಜಿನ್ ಕೆಡುತ್ತದೆ. ಆ ವಿಮಾನಗಳಿಗೆ ಕತ್ತಲಲ್ಲಿ ಕಣ್ಣು ಕಾಣದು. ಬೆಳಕು ಹರಿಯುವ ಹೊತ್ತಿಗೆ ಇವರು ಕೊರೆಯುವ ಚಳಿಯಲ್ಲಿ ಮುಚ್ಚಳ ಬಿಚ್ಚಿ, ಒಳಗೆ ಕೈಹಾಕಿ ಮರಳು ಒರೆಸಿ ಕಳಿಸುತ್ತಿದ್ದರು. "ಹೋಗುಮುಂದ ರೆಕ್ಕಿ ಕೆಳಗ ರಾಕೆಟ್ ಇರ್ತಿದ್ದು, ಬರುಮುಂದ ಇರ್ತಿದ್ದಿಲ್ಲ. ನಾ ನೋಡಿದ್ ಯುದ್ಧ ಇಷ್ಟ" ಎನ್ನುತ್ತಿದ್ದರು.

ಊರು ಇದನ್ನು ಒಪ್ಪಲಿಲ್ಲ. ಊರಿಗೆ ಅವರು ಪೈಲಟ್ ಕಾಕಾ.

"ನಾ ಹಾರ್ಸಿಲ್ಲಪಾ, ಅದರ ಬಾಯಾಗಿನ ಉಸುಕು ತಗದೇನಿ" ಎಂದು ಅವರು ಚಹಾದ ಅಂಗಡಿಯಲ್ಲಿ ಹೇಳಿದರೆ, "ನೋಡ್ರಿ, ಎಷ್ಟ್ ದೊಡ್ಡ ಮನಷ್ಯಾ! ಒಂಚೂರರೆ ಸೊಕ್ಕೈತೇನು?" ಎಂದು ಮಂದಿ ಕೈಮುಗಿಯುತ್ತಿದ್ದರು. ಅಲ್ಲಗಳೆದಷ್ಟೂ ಅವರ ವಿಮಾನ ಮೇಲೆಮೇಲೆ ಹಾರಿತು.

ಯುದ್ಧದಿಂದ ಅವರು ತಂದದ್ದು ಒಂದೇ ಚಟ. ತೂತು ಕಂಡಲ್ಲಿ ಕೆಂಪು ಬಟ್ಟೆ ಕಟ್ಟುವುದು. ಪಂಪಿನ ಪೈಪು, ಟ್ರ್ಯಾಕ್ಟರಿನ ಹೊಗೆಕೊಳವೆ, ಕಡೆಗೆ ನನ್ನ ಮಿಕ್ಸರಿನ ಬಾಯಿ. ಮದುವೆಯಾದ ಹೊಸತರಲ್ಲಿ ನಾನು ಯಾವುದೋ ದೇವರ ಹರಕೆ ಇರಬೇಕೆಂದು ಆ ಪೈಪಿಗೆ ಕುಂಕುಮ ಹಚ್ಚಿದ್ದೆ. ನಕ್ಕೂ ನಕ್ಕೂ ಸಾಕಾಗಿ, ನನಗೆ ಆ ಗಂಟು ಹಾಕಲು ಕಲಿಸಿದರು. "ಕೈಲೆ ಎಳದ್ರ ಬಿಚ್ಚಬೇಕು, ಗಾಳಿಗಿ ಬಿಚ್ಚಬಾರದು."

ಹೀಗಾಗಿ ನನ್ನದು ಒಂದೇ ಹಟವಿತ್ತು. ಬೇಕಾದರೆ ವಿಮಾನ ಇಡಲಿ, ಕಲ್ಲಿನ ಮೇಲೆ ಪೈಲಟ್ ಎಂದು ಬರೆಯಬಾರದು. ಬಾಯಿದ್ದಾಗ ದಿನಾ ಅಲ್ಲವೆಂದದ್ದನ್ನು, ಬಾಯಿಲ್ಲದಾಗ ಎದೆಯ ಮೇಲೆ ಹೇರಬಾರದು.

ಮೈದುನ ಬಸವನ ಬಾಗೇವಾಡಿಯಿಂದ ಮೂರ್ತಿ ಮಾಡುವ ಒಬ್ಬನನ್ನು ಕರೆತಂದ. ಆತ ಹುಟ್ಟಿನಿಂದ ಸಿಮೆಂಟಿನ ನಂದಿ ಬಿಟ್ಟರೆ ಬೇರೇನೂ ಮಾಡಿದವನಲ್ಲ. ಫೋನಿನಲ್ಲಿ ಹಂಟರ್‌ನ ಚಿತ್ರ ತೋರಿಸಿದರೆ, "ಆತೇಳ್ರಿ, ಮಾರಿ ತಿಳೀತು" ಎಂದ. ಕೆಲಸ ಮುಗಿದ ದಿನ ನಾವು ಹೋಗಿ ನೋಡಿದೆವು. ಮೂತಿ ಗುಂಡಗಿತ್ತು. ಪೈಲಟ್ ಕೂಡುವ ಜಾಗ ಹಿಂದಕ್ಕೆ ಸರಿದು ನಂದಿಯ ಬೆನ್ನ ಮೇಲಿನ ಹಿಣಿಲಾಗಿತ್ತು. ಚಕ್ರಗಳು ಮಡಚಿದ ಮೊಣಕಾಲಿನಂತೆ ಹೊಟ್ಟೆಯಡಿ ಸೇರಿದ್ದವು. ಮೂಗಿನ ಮೇಲೆ ಮೂರು ವಿಭೂತಿ ಗೆರೆ.

"ಇದೇನೋ ಇದು?" ಮೈದುನ ಚೀರಿದ.

"ಗೆರಿ ಇರ್ಲಿಲ್ಲಂದ್ರ ಮಾರಿ ಬೋಳಬೋಳ ಕಾಣತಿತ್ರಿ, ಸಾಹೇಬ್ರ."

ನಮ್ಮ ಮನೆಯವರು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಅಲ್ಲಿ. ಪಕ್ಕಕ್ಕೆ ತಿರುಗಿ ಇದನ್ನು ಅವರಿಗೆ ಹೇಳಬೇಕು ಎಂದುಕೊಂಡೆ. ಪಕ್ಕದಲ್ಲಿ ಸಮಾಧಿ ಇತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ರೆಕ್ಕೆಯ ಬುಡದ ಎರಡು ಬಾಯಿಗಳನ್ನು ಮಾತ್ರ ಆತ ಸರಿಯಾಗಿ ಬಿಟ್ಟಿದ್ದ. ಅಷ್ಟರಲ್ಲಿ ಇಂಡಿ ಪಟ್ಟಣದಲ್ಲಿ ಕೆತ್ತಿಸಿದ ಕರಿಕಲ್ಲನ್ನು ಮೈದುನ ಗಾಡಿಯಿಂದ ಇಳಿಸಿದ. ವೀರ ಪೈಲಟ್ ಎಂದಿತ್ತು.

"ಬ್ಯಾಡ ಅಂದಿದ್ನೆಲ್ಲ?"

"ಕೆತ್ತಿಸಿ ಆತು, ವೈನಿ. ಉಸುಕು ಬಳದಾಂವ ಅಂತ ಬರಿಸಿದ್ರ ಯಾರ್ ಓದ್ತಾರ?"

"ನಾ ಓದ್ತೇನಿ."

ಕಲ್ಲು ಕೂತಿತು. ನನ್ನ ಓದು ನನ್ನಲ್ಲೇ ಉಳಿಯಿತು.

ಬೇಸಿಗೆಯ ಗಾಳಿಗೆ ಹೊಲದ ಧೂಳೆಲ್ಲ ಆ ಬಾಯಿಗಳೊಳಗೆ ತುಂಬತೊಡಗಿತು. ಸಿಮೆಂಟಿನ ವಿಮಾನಕ್ಕೆ ಕೆಡಲು ಎಂಜಿನ್ ಇಲ್ಲವೆಂದು ನನಗೂ ಗೊತ್ತು. ಆದರೂ ಕಣ್ಣಿಗೆ ಹಿಡಿಸಲಿಲ್ಲ. ಅವರ ಹಳೆಯ ಕೆಂಪು ಟವೆಲ್ ಹರಿದು, ಧೂಳು ಬಳಿದು ತೆಗೆದು, ಎರಡೂ ಬಾಯಿಗೆ ಕಟ್ಟಿ ಬಂದೆ. ಬರೆದದ್ದನ್ನು ಅಳಿಸಲಾಗದಿದ್ದರೂ ಅವರ ಕೆಲಸವನ್ನಾದರೂ ಮಾಡಬಹುದಲ್ಲ.

ಕೆಲವು ದಿನ ಬಿಟ್ಟು ಹೋದರೆ ನನ್ನ ಬಟ್ಟೆಯ ಮೇಲೆ ಬೇರೆ ಕೆಂಪು ಬಟ್ಟೆಗಳು. ಸಿಂದಗಿಯಿಂದ ಬಸ್ಸಿಗೆ ಬಂದ ಒಬ್ಬ ಹೆಣ್ಣುಮಗಳು ಇನ್ನೊಂದನ್ನು ಕಟ್ಟುತ್ತಿದ್ದಳು.

"ಏನವ್ವಾ ಇದು?"

"ಹರಕಿ ರೀ. ಮಗಾ ಕುವೈತಿಗಿ ಹೊಂಟಾನ. ವೀಸಾ ಆಗವಲ್ದು. ಇಲ್ಲಿ ಕಟ್ಟಿದ್ರ ಪೈಲಟ್ ಅಜ್ಜಾರು ಹಾರಸ್ತಾರಂತ."

ಇಷ್ಟು ವರ್ಷ ಊರು ಅವರನ್ನು ಪೈಲಟ್ ಮಾಡಿತ್ತು. ಈಗ ನನ್ನ ಟವೆಲ್ಲು ಅವರನ್ನು ದೇವರು ಮಾಡಿತ್ತು.

"ಅವರು ಹಾರ್ಸಿಲ್ಲವ್ವಾ. ನಾ ಅವರ ಹೇಣ್ತಿ, ಹೇಳಾಕತ್ತೇನಿ ಕೇಳು. ವಿಮಾನದ ಬಾಯಾಗ ಉಸುಕು ಹೋಗಲಾರದಂಗ ನೋಡ್ಕೋತಿದ್ರು, ಅಷ್ಟ."

ಅವಳೂ ಕೈಮುಗಿದು ದೊಡ್ಡ ಮನುಷ್ಯ ಎನ್ನುತ್ತಾಳೆಂದು ಕಾದೆ. ಅವಳು ಕಟ್ಟುತ್ತಿದ್ದ ಗಂಟನ್ನು ಮುಗಿಸಿದಳು.

"ಹಂಗಾದ್ರ ಛಲೋನ ಆತಲ್ರಿ" ಎಂದಳು. "ನನ್ನ ಮಗಾ ಹೋಗೂದೂ ಉಸುಕಿನ ನಾಡಿಗೇನ. ಹಾರ್ಸಾಕ ಯಾರರೆ ಸಿಗ್ತಾರ. ಉಸುಕು ನೋಡಾವ್ರು ಯಾರದಾರ ಅಲ್ಲಿ?"

ನನ್ನನ್ನು ಬಿಟ್ಟರೆ, ನಮ್ಮ ಮನೆಯವರ ಮಾತನ್ನು ಇದ್ದದ್ದು ಇದ್ದಂತೆ ನಂಬಿದ ಮೊದಲನೆಯವಳು ಅವಳೇ. ಅವಳು ಕಟ್ಟಿದ್ದನ್ನು ಮುಟ್ಟಿ ನೋಡಿದೆ. ಸಡಿಲಾಗಿತ್ತು.

"ಹಿಂಗಲ್ಲ, ಕೊಡಿಲ್ಲೆ" ಎಂದು ಬಿಚ್ಚಿ, ನಿಧಾನ ಕಟ್ಟಿ ತೋರಿಸಿದೆ. "ಕೈಲೆ ಎಳದ್ರ ಬಿಚ್ಚಬೇಕು. ಗಾಳಿಗಿ ಬಿಚ್ಚಬಾರದು."